ರೇಷನ್ ಕಾರ್ಡಿನ ಷರತ್ತು

೨೪-೫-೧೯೯೩, ಸೋಮವಾರ

ರಾಜೀವಿಯಕ್ಕನ ಮಗಳು ಪ್ರಮೀಳಾಳಿಗೆ ಒಂದನೇ ತರಗತಿಯಲ್ಲಿ ಸೀಟು ಇಲ್ಲವಂತೆ. ಕಾರಣ ನಾನು.

ಹೊಸ ಶಾಲೆಯಲ್ಲಿರುವುದು ನಲವತ್ತೇ ಸೀಟು. ಉಪ್ಪಳ ಪೇಟೆಯ ದುಡ್ಡಿನವರು ಜೀಪಿನಲ್ಲಿ ಬಂದು ಅವನ್ನು ಹಿಡಿಯುತ್ತಾರೆಂದು ಕರಪತ್ರ ಅಚ್ಚು ಹಾಕಿಸಿದವನು ನಾನು. ‘ಈ ಪಂಚಾಯತಿನ ಖಾಯಂ ನಿವಾಸಿಗಳಿಗೇ ಮೊದಲ ಹಕ್ಕು. ರೇಷನ್ ಕಾರ್ಡೇ ಪುರಾವೆ.’ ಎಷ್ಟು ಕ್ರಾಂತಿಕಾರಿ ಎನಿಸಿತ್ತು! ಮೈದಾದ ಅಂಟು ಕುದಿಸಿ ಅದನ್ನು ಗೋಡೆಗೋಡೆಗೆ ಹಚ್ಚಿದವಳು ಓದು ಬಾರದ ರಾಜೀವಿಯಕ್ಕ. ಗೇರು ತೋಟದ ಕೂಲಿ ಲೈನಿನ ಮನೆಯಲ್ಲಿ ಅವಳು ಹನ್ನೆರಡು ವರ್ಷದಿಂದ ಇದ್ದಾಳೆ. ಆದರೆ ಅವಳ ಹೆಸರಿರುವುದು ಪುತ್ತೂರಿನ ತವರುಮನೆಯ ಕಾರ್ಡಿನಲ್ಲಿ. ನನಗೆ ಗೊತ್ತಿರಲಿಲ್ಲ. ಕೇಳಿಯೇ ಇರಲಿಲ್ಲ.

ಹೆಡ್‌ಮಾಸ್ಟರು ನನ್ನ ಕರಪತ್ರವನ್ನೇ ಮೇಜಿನ ಮೇಲೆ ಬಿಡಿಸಿಟ್ಟರು. “ನಿಮ್ಮದೇ ಬೇಡಿಕೆ ಅಲ್ವಾ? ಒಪ್ಪಿ ಆಯ್ತಲ್ಲ, ಇನ್ನೆಂತ?”

ಇಲ್ಲಿ ಬಂಗಲೆ ಕಟ್ಟಿ ದುಬಾಯಿಯಲ್ಲಿರುವವರ ಮಗನ ಹೆಸರು ಪಟ್ಟಿಯಲ್ಲಿದೆ. ಅವರಿಗೆ ಕಾರ್ಡಿದೆ.

ರಾಜೀವಿಯಕ್ಕ ಬೈಯಲಿಲ್ಲ. “ಎಂತ ಮಾರಾಯ, ನನ್ನನ್ನು ಹೊರಗೆ ಹಾಕ್ಲಿಕ್ಕೆ ನನ್ನ ಕೈಯಲ್ಲೇ ಅಂಟು ಕಾಯಿಸಿದ್ದಾ? ಒಮ್ಮೆ ಓದಿ ಹೇಳ್ಬಾರ್ದಿತ್ತಾ?” ಎಂದು ನಕ್ಕಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೊಸ ಬೇಡಿಕೆ ಬರೆಯಲು ಕೂತಿದ್ದೇನೆ. ಕಾರ್ಡು ಬೇಡ, ಐದು ವರ್ಷದ ವಾಸ ಸಾಕು ಎಂದು ಬರೆದೆ. ಹೋದ ವರ್ಷ ತೋಟಕ್ಕೆ ಬಂದವರ ಮಕ್ಕಳು ಹೊರಗುಳಿದರು. ಹೊಡೆದು ಹಾಕಿದೆ. ಎಲ್ಲಿ ಗೆರೆ ಎಳೆದರೂ ಯಾರದೋ ಮಗು ಆಚೆ ನಿಲ್ಲುತ್ತದೆ. ಕೇಳಬೇಕಾಗಿದ್ದದ್ದು ಇನ್ನೊಂದು ಕೋಣೆ, ಇನ್ನೊಬ್ಬ ಮಾಸ್ಟರು. ಇಷ್ಟು ಓದಿದವನಿಗೆ ಅದೊಂದು ಯಾಕೆ ಹೊಳೆಯಲಿಲ್ಲ?