ಸುಟ್ಟ ಕೈಗೆ ಹಿಟ್ಟಿನ ಅಂಟು

ಅಂಗಡಿಯ ಮೇಜಿನಿಂದ,
ಗುರುವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಕ್ಷೇಮವಷ್ಟೆ? ವಾರ್ಡಿನಲ್ಲಿ ನಿಂತು ನಿಂತು ಕಾಲು ಊದುತ್ತದೆ ಎಂದು ಬರೆದಿದ್ದೆ, ಈಗ ಹೇಗಿದೆ? ನರ್ಸುಗಳಿಗೆ ಕೂರಲು ಒಂದು ಸ್ಟೂಲು ಕೊಡಿಸಿದರೋ ಇಲ್ಲವೋ? ಇಲ್ಲವಾದರೆ ತಿಳಿಸು, ನಿನ್ನ ಮೇಲಿನವರಿಗೆ ನಾನೇ ಬರೆಯುತ್ತೇನೆ. ಬೇಡ ಅನ್ನುತ್ತೀ, ಗೊತ್ತು. ಇಲ್ಲಿ ಫೋನು ಸತ್ತಿದೆ. ಕಚೇರಿಗೆ ಹೋಗಿ ಹೇಳಿದರೆ, ದೂರನ್ನು ಫೋನಿನಲ್ಲೇ ಕೊಡಬೇಕು ಅನ್ನುತ್ತಾರೆ. ಅದಕ್ಕೇ ಈ ಕಾಗದ, ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಯಲ್ಲಿ.

ಭಾನುವಾರ ನಿನ್ನಮ್ಮ ಬಲಗೈ ಸುಟ್ಟುಕೊಂಡಳು. ಪುಸ್ತಕದ ಬೆನ್ನಿಗೆ ಹಚ್ಚುವ ಸರೇಸಿನ ಅಂಟನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸುತ್ತೇವಲ್ಲ, ಆ ನೀರು ಚೆಲ್ಲಿತು. ಹೆಬ್ಬೆರಳಿನ ಬುಡ ಕೆಂಪಾಗಿ ಒಂದು ಬೊಬ್ಬೆ ಎದ್ದಿತು, ಅಷ್ಟೇ. ಇಪ್ಪತ್ತು ನಿಮಿಷ ನಲ್ಲಿಯ ಕೆಳಗೆ ಹಿಡಿದು, ಬಳೆ ತೆಗೆದು, ಒಗೆದ ಬಟ್ಟೆಯನ್ನು ಸಡಿಲವಾಗಿ ಸುತ್ತಿ, ಬೊಬ್ಬೆಯನ್ನು ಅದರ ಪಾಡಿಗೆ ಬಿಟ್ಟಿದ್ದರೆ ಈ ಕಾಗದವೇ ಹುಟ್ಟುತ್ತಿರಲಿಲ್ಲ. ನಲ್ಲಿಯವರೆಗೆ ಎಳೆದುಕೊಂಡು ಹೋದವನು ನಾನೇ. ನಲ್ಲಿಯ ನೀರು ಕೈ ಮೇಲೆ ಬಿತ್ತೋ ಇಲ್ಲವೋ, ನಿನ್ನ ಸೋದರಮಾವ ಕತ್ತರಿ ಯಂತ್ರ ಬಿಟ್ಟು ಓಡಿಬಂದ. ಕೈಯಲ್ಲಿ ಹಿಟ್ಟಿನ ಅಂಟಿನ ಬಟ್ಟಲು. ಬೈಂಡಿಂಗ್ ಮಾಡುವವರ ಕೈ ಸುಟ್ಟರೆ ಅಂಟೇ ಮದ್ದು, ಕಾವು ಎಳೆಯುತ್ತದೆ ಎನ್ನುವುದು ಅವರಪ್ಪನ ಕಾಲದ ನಂಬಿಕೆಯಂತೆ. ನಾನು ತಡೆದರೆ, "ಭಾವ, ನೀವು ಓದ್ಕೊಂಡಿರಿ, ಸುಟ್ಟ ಕೈ ನಾವು ನೋಡ್ಕೋತೀವಿ" ಅಂದ. ಅಕ್ಕ ತಮ್ಮ ಒಂದಾದರು. ಹರಿದ ಭೂಪಟಕ್ಕೆ ಮಾಡುವಂತೆ ಅಂಟು ಬಳಿದು, ಮೇಲೆ ತೆಳು ಕಾಗದ ಹಚ್ಚಿ, ಅಂಚು ಏಳದ ಹಾಗೆ ತಿಕ್ಕಿ ಕೊಟ್ಟ. ಕೆಲಸವೇನೋ ಅಚ್ಚುಕಟ್ಟು, ರಟ್ಟಿಗಾಗಿದ್ದರೆ ಬೆನ್ನು ತಟ್ಟುತ್ತಿದ್ದೆ.

ಆಮೇಲೆ ಬಂದವರೆಲ್ಲ ವೈದ್ಯರೇ. ಹಾಜರಿ ಪುಸ್ತಕ ಒಯ್ಯಲು ಬಂದ ಮೇಷ್ಟ್ರು ಮಸಿ ಸುರಿಯಿರಿ ಅಂದರು. ಪಕ್ಕದಂಗಡಿಯ ದರ್ಜಿ ಹಲ್ಲಿನ ಪೇಸ್ಟು ಅಂದ. ಅವನ ಹೆಂಡತಿ ಮಂಜುಗಡ್ಡೆ ಅಂದಳು. ನೀರು ಅಂದವರು ಒಬ್ಬರಿಲ್ಲ. ಜನರನ್ನಾದರೂ ಏನೆನ್ನಲಿ? ಆರೋಗ್ಯ ಕೇಂದ್ರದ ಗೋಡೆಯ ಮೇಲೆ 'ಸುಟ್ಟ ಗಾಯಕ್ಕೆ ಮೊದಲು ತಣ್ಣೀರು' ಎಂದು ಆಳೆತ್ತರದ ಅಕ್ಷರದಲ್ಲಿ ಬರೆಸಿದ್ದರು. ನೀನಾಗ ಶಾಲೆಗೂ ಸೇರಿರಲಿಲ್ಲ. ಸುಣ್ಣ ಬಳಿಯುವ ನೆಪದಲ್ಲಿ ಅದನ್ನು ಅಳಿಸಿ, ಸುಣ್ಣ ಬಳಿಸಿದ ಅಧಿಕಾರಿಯ ಹೆಸರು ಬರೆದರು. ಹೆಸರು ಹಚ್ಚಿದರೆ ಉರಿ ಆರುತ್ತದೆಯೇ ಎಂದು ಅವತ್ತೇ ಬರೆದು ಕೇಳಿದ್ದೆ. ಉತ್ತರ ಇನ್ನೂ ಬಂದಿಲ್ಲ.

ಈಗ ಆ ಅಂಟು ಒಣಗಿ ರಟ್ಟಾಗಿದೆ. ಹೆಬ್ಬೆರಳು ಮಡಿಸಲು ಬರುವುದಿಲ್ಲ, ಒಳಗೇನಾಗಿದೆಯೋ ಕಾಣುವುದಿಲ್ಲ. ಸೂಜಿ ಹಿಡಿಯುವ ಬೆರಳು ಕಣಮ್ಮ ಅದು. ನಮ್ಮಲ್ಲಿ ಪುಸ್ತಕದ ಹೊಲಿಗೆ ಅಂದರೆ ಅವಳ ಕೈಯೇ; ಅದು ಹೋದರೆ ಅವಳು ಅವಳಾಗಿ ಉಳಿಯುವುದಿಲ್ಲ. ನಾವೇ ಬೈಂಡ್ ಮಾಡಿದ ಪ್ರಥಮ ಚಿಕಿತ್ಸೆಯ ಪುಸ್ತಕ ತೆರೆದು ಓದಲು ಹೋದೆ. "ಅದಕ್ಕೆ ಹೊಲಿಗೆ ಹಾಕಿದ್ದೇ ನಾನು, ನನಗೇ ಓದಿ ಹೇಳ್ತೀರಾ?" ಅಂದಳು. ಇವತ್ತು ಹತ್ತಿರ ಹೋದರೆ ವಾಸನೆ ಬರುತ್ತಿದೆ. ಹಳಸಿದ ಅಂಟಿನದು ಅನ್ನುತ್ತಾಳೆ. ಅಂಟಿನ ವಾಸನೆ ನನಗೆ ಗೊತ್ತಿಲ್ಲವೇ? ಡಾಕ್ಟರ ಮಾತೆತ್ತಿದರೆ, "ಮಗಳು ಹೇಳ್ಲಿ, ಹೋಗ್ತೀನಿ" ಎಂಬ ಒಂದೇ ಹಟ. ಕಟ್ಟಿಕೊಂಡ ಗಂಡನ ಮಾತು ಕಾಲಕಸ. ಕಾಗದ ಕಂಡ ಕೂಡಲೇ ಅವಳಿಗೆ ನಾಲ್ಕು ಸಾಲು ಬರೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಜೊತೆಯ ಹುಡುಗಿಯರಿಗೆಲ್ಲ ನನ್ನ ಆಶೀರ್ವಾದ. ನಿನಗೆ ಇನ್ನೊಂದು ಪಾಲು ಹೆಚ್ಚು.

ನಿನ್ನ
ಅಪ್ಪ

ಮರೆತ ಮಾತು: ಇದನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಗೀಚುತ್ತಿದ್ದೇನೆ. ಲಕೋಟೆ ಹುಡುಕುವಷ್ಟರಲ್ಲಿ, ಎಡಗೈಯಲ್ಲೇ ಹೊಲಿಯುತ್ತಿದ್ದ ನಿನ್ನಮ್ಮನ ಕೈಯಿಂದ ಸೂಜಿ ಜಾರಿತು. ಹಣೆ ಮುಟ್ಟಿದರೆ ಸುಡುತ್ತಿತ್ತು. ಏನು ತೋಚಿತೋ, ಭಾನುವಾರವೇ ನಿನಗೆ ತಿಳಿಸಿದ್ದೆ, ಈಗ ನಿನ್ನ ಉತ್ತರ ಬಂದಿದೆ ಎಂದು ಒಂದು ರದ್ದಿ ಹಾಳೆ ಹಿಡಿದು ಓದಿಬಿಟ್ಟೆ: "ಅಮ್ಮಾ, ಈಗಲೇ ಡಾಕ್ಟರ ಹತ್ರ ಹೋಗು." ಕೂಡಲೇ ಚಪ್ಪಲಿ ಮೆಟ್ಟಿದಳು. ಒಳಗೆ ನೀರಿನಲ್ಲಿ ನೆನೆಸಿ ಅಂಟು ಬಿಡಿಸುತ್ತಿದ್ದಾರೆ. ಕೀವು ತುಂಬಿದೆಯಂತೆ, ಬೆರಳು ಉಳಿಯುತ್ತದೆ, ಇನ್ನೂ ತಡ ಮಾಡಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಆದರೆ ಒಳಗೆ ಹೋಗುವಾಗ ತಿರುಗಿ ನಿಂತು, "ಅವಳ ಕಾಗದ ಜೋಪಾನ, ಮನೇಲಿ ನಾನೇ ಓದ್ಕೋತೀನಿ" ಅಂದಳು. ಆದ್ದರಿಂದ ಮಗಳೇ, ಮಂಗಳವಾರದ ತಾರೀಖು ಹಾಕಿ ಒಂದು ಕಾಗದ ಬರೆದು ಇದೇ ಕಂಡಕ್ಟರ್ ಕೈಯಲ್ಲಿ ಇವತ್ತೇ ಕಳಿಸು. ನಡುವೆ ನನಗೆ ನಾಲ್ಕು ಬೈಗುಳವಿರಲಿ. ಇಲ್ಲದಿದ್ದರೆ ಅದು ನಿನ್ನ ಕಾಗದ ಎಂದು ಅವಳು ನಂಬುವುದಿಲ್ಲ.