ನಡುಹಗಲ ಕೋಳಿಗಳು

ಮಾರ್ಚ್ ೧೪, ಗುರುವಾರ

ಪ್ರೀತಿಯ ಗೀಚುಬುರುಕಿಗೆ,

ಅಣ್ಣನ ಆಶೀರ್ವಾದ. ನಿನ್ನ ಎರಡು ಪತ್ರಗಳಿಗೆ ಉತ್ತರಿಸಲಿಲ್ಲ. ಕಣ್ಣಿನ ಪೊರೆ ತೆಗೆಸಿದ್ದು ಬರೀ ನೆಪ. ಕಣ್ಣು ಸರಿಯಾಗಿ ತಿಂಗಳಾಯಿತು. ನಿಜವಾಗಿ ನಾಚಿಕೆ. ಗೋಡೆಯ ಮೇಲೆಲ್ಲ ಲೆಕ್ಕ ಗೀಚುತ್ತಿದ್ದ ನಿನಗೆ ಆ ಹೆಸರಿಟ್ಟವನು ನಾನೇ. ಹಾಗೆ ಕರೆಯುವ ಮುಖ ಈಗ ನನಗಿಲ್ಲ.

ಕಳೆದ ತಿಂಗಳು ಗ್ರಂಥಾಲಯದ ಹಸ್ತಪ್ರತಿ ಕೋಣೆಗೆ ಹೋಗಿದ್ದೆ. ಅದೇ ಉದ್ದನೆಯ ಮೇಜು, ಅದೇ ನುಸಿಗುಳಿಗೆಯ ವಾಸನೆ. ಮೇಲ್ವಿಚಾರಕಿ ಒಂದು ಪತ್ರಿಕೆ ಮುಂದಿಟ್ಟು, "ಸಾರ್, ನೀವು ಸಂಪಾದಿಸಿದ ಕಾವ್ಯದ ಬಗ್ಗೇನೇ ಬಂದಿದೆ, ನೋಡಿ" ಎಂದಳು. ಪಾಪ, ಅವಳಿಗೇನು ಗೊತ್ತು. ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ.

ಎಂಟುನೂರು ವರ್ಷದ ಹಿಂದಿನ ಆ ನೇಕಾರ ಕವಿಯ ಶೋಕಗೀತೆ. ಮಗನನ್ನು ಮಣ್ಣು ಮಾಡಿದ ದಿನ ನಡುಹಗಲಲ್ಲೇ ನಕ್ಷತ್ರ ಮೂಡಿದವು, ಕೋಳಿಗಳು ಗೂಡು ಸೇರಿದವು ಎನ್ನುತ್ತಾನಲ್ಲ, ಆ ಪದ್ಯ. ಯಾರೋ ಆಮೇಲೆ ಸೇರಿಸಿದ್ದೆಂದು ನಾನು ಕಿತ್ತುಹಾಕಿದ್ದು, ಅಡಿಟಿಪ್ಪಣಿಯಲ್ಲೂ ಕೊಡದೆ. ಅದು ಪೂರ್ಣ ಸೂರ್ಯಗ್ರಹಣವೆಂದು ಖಗೋಳಜ್ಞರು ಈಗ ಲೆಕ್ಕ ಹಾಕಿ ತೋರಿಸಿದ್ದಾರೆ. ದಿನವೂ ಸಿಕ್ಕಿದೆ, ಊರೂ ಹೊಂದುತ್ತದೆ. ಭೂಮಿ ತನ್ನ ಸುತ್ತ ತಿರುಗುವುದು ಅಂದಿನಿಂದ ಎಷ್ಟು ನಿಧಾನವಾಗಿದೆ ಎಂದು ಅಳೆಯಲು ಆ ಪದ್ಯವೇ ಒಂದು ಗುರುತಿನ ಗೂಟವಂತೆ.

ಮೂವತ್ತೊಂದು ವರ್ಷದ ಹಿಂದೆ ನಿನ್ನ ಸಂಶೋಧನಾ ಪ್ರಬಂಧದಲ್ಲಿ ನೀನು ಬರೆದದ್ದೂ ಇದನ್ನೇ. ಪದ್ಯವನ್ನು ನೀನು ಓದಿದ್ದು ಹಸ್ತಪ್ರತಿ ನೋಡಿ ನಾನು ಬರೆದು ಮನೆಯಲ್ಲಿಟ್ಟಿದ್ದ ನಕಲಿನಲ್ಲಿ. ಪರೀಕ್ಷಕರು ಅಚ್ಚಾದ ಪುಸ್ತಕ ತೆಗೆದು, "ಎಲ್ಲಿದೆಯಮ್ಮಾ ಈ ಪದ್ಯ? ನಿಮ್ಮಣ್ಣನವರೇ ಬಿಟ್ಟಿದ್ದಾರಲ್ಲ" ಅಂದರಂತೆ. ಪದವಿ ತಪ್ಪಿತು. ಊಟದ ಮೇಜಿನ ಮುಂದೆ ನೀನು ಅಳುತ್ತಾ, "ಅಣ್ಣಾ, ಅವನು ಕಂಡಿದ್ದನ್ನೇ ಬರೆದಿದ್ದಾನೆ ಕಣೋ" ಎಂದೆ. "ಶೋಕಗೀತೆಯಲ್ಲಿ ಕೋಳಿಗೇನು ಕೆಲಸ ಕಣೇ?" ಎಂದು ನಾನು ನಕ್ಕೆ. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ನಾನು. ಮಗ ಸತ್ತವನಿಗೂ ಕೋಳಿಗಳು ಕಾಣುತ್ತವೆ ಎಂದು ಆಗ ತಿಳಿಯಲಿಲ್ಲ.

ನನಗೆ ಆ ಪುಸ್ತಕಕ್ಕೆ ಬಹುಮಾನ ಬಂತು. ನೀನು ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟುಕೊಂಡೇ ನಿವೃತ್ತಳಾದೆ, ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಹೊಸ ಮುದ್ರಣಕ್ಕೆ ಪದ್ಯವನ್ನು ಅದರ ಜಾಗದಲ್ಲೇ ಕೂರಿಸಿ, ಕೆಳಗೆ ನಿನ್ನ ಲೆಕ್ಕ, ನಿನ್ನ ಹೆಸರು ಬರೆದು ಮುದ್ರಕನಿಗೆ ಕೊಟ್ಟಿದ್ದೇನೆ. ನಿನಗೆ ಮೊಣಕಾಲು ನೋವು ಎಂದು ಬರೆದಿದ್ದೆ, ಮೆಟ್ಟಿಲು ಹತ್ತಬೇಡ. ನೂರು ಕಾಲ ಸುಖವಾಗಿರು ತಾಯಿ.

ನಿನ್ನ
ಅಣ್ಣ

ತಾ.ಕ.: ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ನೀನು ಗ್ರಹಣದ ಲೆಕ್ಕ ಬರೆದು ಕಳಿಸಿದ್ದ ಪತ್ರ ಅಂಚೆಯಲ್ಲಿ ಕಳೆಯಿತು ಎಂದಿದ್ದೆನಲ್ಲ, ಅದು ಕಳೆದಿರಲಿಲ್ಲ. ಹನ್ನೊಂದು ದಿನ ಮೊದಲೇ ಕೈಸೇರಿತ್ತು. ತಿಳಿಯಲಿಲ್ಲ ಎಂದು ಮೇಲೆ ಬರೆದದ್ದೂ ಸುಳ್ಳು. ತಂಗಿ ತಿದ್ದಿದಳು ಅನ್ನಿಸಿಕೊಳ್ಳಲು ಮನಸ್ಸಾಗಲಿಲ್ಲ, ಅಷ್ಟೇ. ಮೂರು ಹಾಳೆಗಳನ್ನೂ ಇದರೊಂದಿಗೆ ಇಟ್ಟಿದ್ದೇನೆ. ಅಂಚಿನಲ್ಲಿ ಕೆಂಪು ಶಾಯಿಯ ಸರಿ ಗುರುತುಗಳಿವೆ, ನೋಡು. ಅವು ಆಗ ನಾನೇ ಹಾಕಿದವು.