ಮಣ್ಣಿನ ಕಾಡೆಮ್ಮೆಗಳ ಜಗಳ

ರೀ,

ನೀವು ಸ್ನಾನಕ್ಕೆ ಹೋಗಿದ್ದೀರಿ, ವಿಭಾಳನ್ನು ಕರೆನ್ ಬಡಾವಣೆಯ ಶಾಲೆಗೆ ಬಿಡಲು ನಾನು ಹೊರಟೆ. ಕಾರು ನನಗೆ ಬೇಕು, ನೀವು ಬಾಡಿಗೆ ವ್ಯಾನು ಮಟಾಟು ಹತ್ತಿ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ. ತಿಂದಾದ ಮೇಲೆಯೇ ಮಗಳ ಕಂಪ್ಯೂಟರ್ ನೋಡಿ, ಮೊದಲೇ ನೋಡಿದರೆ ಗಂಟಲಲ್ಲಿ ಇಳಿಯಲ್ಲ.

ಶಾಲೆಗೆಂದು ಅವಳು ಮಾಡಿದ ಅನಿಮೇಷನ್‌ನಲ್ಲಿ ಎರಡು ಮಣ್ಣಿನ ಕಾಡೆಮ್ಮೆಗಳು ಜಗಳವಾಡುತ್ತವಲ್ಲ, ಆ ಧ್ವನಿ ನಮ್ಮದು! "ನಿಮ್ಮಮ್ಮನಿಗೆ ಫೋನ್ ಮಾಡೋಕೆ ಟೈಮಿದೆ, ನನ್ನ ಜೊತೆ ಮಾತಾಡೋಕಿಲ್ಲ" ಅಂತ ನಾನು. "ಸಾಕು ಬಾಯಿ ಮುಚ್ಚೇ ಮಾರಾಯ್ತಿ" ಅಂತ ನೀವು. ನಮ್ಮ ರೂಮಿನ ಬಾಗಿಲ ಹತ್ತಿರ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿದ್ದಾಳೆ. ಇದನ್ನೆಲ್ಲ ಹೇಗೆ ಮಾಡಿದೆ ಅಂತ ಕಂಪ್ಯೂಟರಿನಲ್ಲೇ ಒಂದು ಪುಸ್ತಕ ಬೇರೆ ಮಾಡಿದ್ದಾಳೆ. ಪುಣ್ಯಕ್ಕೆ ಆ ಶಾಲೆಯಲ್ಲಿ ಕನ್ನಡದವರಿಲ್ಲ ಅಂದುಕೊಂಡರೆ, ನಮ್ಮ ಪ್ರತಿ ಮಾತಿಗೂ ಇಂಗ್ಲಿಷ್ ಅರ್ಥ ಬರೆದಿದ್ದಾಳೆ! ಟೀಚರ್ ತುಂಬಾ ಮೆಚ್ಚಿದ್ದಾರಂತೆ.

ಅವಳನ್ನು ಬೈಯಬೇಡಿ, ಏನನ್ನೂ ಅಳಿಸಬೇಡಿ. ಆ ಪುಸ್ತಕದ ಕೊನೆಯ ಪುಟ ಓದಿ. "ಕೊನೆಗೆ ಎರಡೂ ರಾಜಿಯಾಗಬೇಕಿತ್ತು. ಎರಡು ವಾರ ಕಾದೆ, ಆ ಧ್ವನಿ ಸಿಗಲಿಲ್ಲ" ಎಂದು ಬರೆದಿದ್ದಾಳೆ.

ಇವತ್ತು ಫ್ಯಾಕ್ಟರಿಯಿಂದ ಐದಕ್ಕೇ ಬನ್ನಿ. ನಾಟಕವಾಡಿದರೆ ಅವಳಿಗೆ ಗೊತ್ತಾಗುತ್ತೆ, ನಿಜವಾಗಿಯೇ ರಾಜಿಯಾಗೋಣ. ಮೊದಲ ಮಾತು ನಾನೇ ಆಡುತ್ತೇನೆ.

ಜಯಮಾಲಾ